ತೀರಿಹೋಗದ ಅತ್ತೆಯ ತಿಥಿ

ನಮ್ಮೂರಿನಲ್ಲಿ ಬೆಳಿಗ್ಗೆ ಕಣ್ಣುಬಿಟ್ಟವರು ಮೊದಲು ನೋಡುವುದು ಅಂಗೈಯನ್ನೂ ಅಲ್ಲ, ದೇವರ ಪಟವನ್ನೂ ಅಲ್ಲ, ಹಿತ್ತಲಿನ ಬಟ್ಟೆ ತಂತಿಯನ್ನು. ಹಿಂದಿನ ಸಂಜೆ ಬರಿದಾಗಿದ್ದ ತಂತಿಯ ಮೇಲೆ ಬೆಳಿಗ್ಗೆ ಒಂದು ಬಟ್ಟೆ ತೂಗುತ್ತಿದ್ದರೆ, ಎಲ್ಲೋ ದೂರದ ಊರಿನಲ್ಲಿ ಯಾರೋ ತಮ್ಮ ವೆಬ್‌ಸೈಟು ಮುಚ್ಚಿದ್ದಾರೆ ಎಂದು ಅರ್ಥ. ಮುಚ್ಚಿದ್ದೆಲ್ಲ ನಮ್ಮಲ್ಲಿಗೆ ಬರುತ್ತದೆ. ಅಕ್ಷರಗಳು ನೇಯ್ಗೆಯಲ್ಲಿ, ಚಿತ್ರಗಳು ಅಚ್ಚಿನಲ್ಲಿ, ಓದಿದವರು ಬರೆದುಹೋದ ಮಾತುಗಳು ಅಂಚಿನಲ್ಲಿ. ಚಿಕ್ಕ ಸೈಟಾದರೆ ಕರವಸ್ತ್ರದಷ್ಟು. ದೊಡ್ಡ ಕಂಪನಿಯದಾದರೆ ಜಮಖಾನೆಯಷ್ಟು; ಇಳಿಸಲು ನಾಲ್ಕು ಜನ ಬೇಕು, ಇಳಿಸಿದ ಮೇಲೆ ನೋಡಿದರೆ ಅದರಲ್ಲಿ ಓದಲು ಏನೂ ಇರುವುದಿಲ್ಲ.

ಚಿಕ್ಕಂದಿನಲ್ಲಿ ನಾನು ಅಜ್ಜಿಯನ್ನು ಕೇಳಿದ್ದೆ, "ಯಾಕಜ್ಜೀ ಎಲ್ಲಾ ನಮ್ಮೂರಿಗೇ ಬರುತ್ತೆ?" ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ, "ಎಲ್ಲಿಗಾದರೂ ಹೋಗಬೇಕಲ್ಲ ಮಗಾ" ಎಂದಿದ್ದಳು. ಆ ಉತ್ತರ ನನಗೆ ಇವತ್ತಿಗೂ ಸಾಕಾಗಿದೆ.

ಯಾರ ತಂತಿಯ ಮೇಲೆ ಬಿತ್ತೋ ಆ ಮನೆಯವರೇ ಅದನ್ನು ನೋಡಿಕೊಳ್ಳಬೇಕು. ತಣ್ಣೀರಿನಲ್ಲಿ ಜಾಲಾಡಿ, ನೆರಳಿನಲ್ಲಿ ಒಣಗಿಸಿ, ಮಡಿಕೆಗಳ ನಡುವೆ ಒಣ ಬೇವಿನೆಲೆ ಹಾಕಿ ಪೆಟ್ಟಿಗೆಯಲ್ಲಿಡಬೇಕು. ಬೆಂಕಿಗೆ ಹಾಕಿದರೆ ಈ ಬಟ್ಟೆಗಳು ಸುಡುವುದಿಲ್ಲ, ಕತ್ತರಿ ಹಾಕಿದರೆ ಕತ್ತರಿಯೇ ಮೊಂಡಾಗುತ್ತದೆ. ಊರಾಚೆಯ ಸೇತುವೆಯನ್ನು ದಾಟಿಸಿದರೆ ಮಾತ್ರ ಅಕ್ಷರವೆಲ್ಲ ಹೋಗಿ ಬೆಳ್ಳಗಾಗುತ್ತವೆ. ಅದನ್ನೂ ನೋಡಿಕೊಂಡವರ ಕೈಯೇ ದಾಟಿಸಬೇಕು. ಬೇರೆಯವರು ಕದ್ದು ಒಯ್ದರೆ ಸೇತುವೆಯ ನಡುವೆ ಬಟ್ಟೆ ಒರಳುಕಲ್ಲಿನಷ್ಟು ಭಾರವಾಗಿ ಅವರನ್ನು ಅಲ್ಲೇ ಕೂರಿಸುತ್ತದೆ. ಒಬ್ಬ ಪಾತ್ರೆ ಮಾರುವವನು ಹೀಗೆ ಒಂದು ಮಧ್ಯಾಹ್ನವೆಲ್ಲ ಸೇತುವೆಯ ಮೇಲೆ ಕೂತಿದ್ದ. ನಮ್ಮೂರಿನವರು ಅವನಿಗೆ ಮಜ್ಜಿಗೆ ಕೊಟ್ಟು ಬಂದರು.

ಬಂದದ್ದಕ್ಕೆ ನಾವು ಹೊಂದಿಕೊಂಡಿದ್ದೇವೆ. ಹಿಟ್ಟಿನ ಗಿರಣಿಯ ಚೆನ್ನವೀರಪ್ಪನವರಿಗೆ ಯಾವುದೋ ದೇಶದ ರೈಲುಗಳ ವೇಳಾಪಟ್ಟಿ ಬಂದು ಹನ್ನೊಂದು ವರ್ಷವಾಯಿತು. ಅದರಲ್ಲಿ ಅಂಕಿ ಬಿಟ್ಟು ಅವರಿಗೆ ಒಂದಕ್ಷರವೂ ತಿಳಿಯದು. ಆದರೂ ಗಿರಣಿಯಲ್ಲಿ ನಿಂತು, "ಐದು ಹದಿನೆಂಟರ ಗಾಡಿ ಹೋಯ್ತು ಕಣ್ರಮ್ಮಾ, ಬೇಗ ಡಬ್ಬ ಎತ್ತಿ" ಎನ್ನುತ್ತಾರೆ. ಸಂಗೀತದ ದಾಕ್ಷಾಯಣಿ ಟೀಚರಿಗೆ ಒಂದು ಮದುವೆಯ ಸೈಟು ಬಂದಿದೆ, ಗಂಡೂ ಹೆಣ್ಣೂ ಆಲದ ಬಿಳಲು ಹಿಡಿದು ನಿಂತ ಚಿತ್ರ. ಪ್ರತಿವರ್ಷ ಆ ಮದುವೆಯ ದಿನಕ್ಕೆ ಟೀಚರು ಕೇಸರಿಬಾತು ಮಾಡಿ ಹಂಚುತ್ತಾರೆ. ಹಂಚುವಾಗ, "ಸೈಟು ಯಾಕೆ ಮುಚ್ಚಿದರೋ ಏನೋ, ಚೆನ್ನಾಗಿರಲಪ್ಪ" ಎಂದು ಒಂದು ನಿಟ್ಟುಸಿರು ಜೊತೆಗೆ.

ಬಟ್ಟೆಯ ಒಡೆಯರನ್ನು ಕೇಳಿ ಇಟ್ಟುಕೊಂಡವರು ಯಾರೂ ಇರಲಿಲ್ಲ. ಕೇಳಬೇಕೆಂದು ಹೊಳೆದದ್ದೂ ಇಲ್ಲ. "ಬಿದ್ದದ್ದನ್ನ ಎತ್ತಿಡೋದಕ್ಕೆ ಯಾರಪ್ಪಣೆ?" ಎನ್ನುತ್ತಿದ್ದಳು ಅಜ್ಜಿ. "ಎತ್ತಿಡದಿದ್ರೆ ಗಾಳಿಗೆ ಹೋಗುತ್ತೆ. ಆಮೇಲೆ ಅಳ್ತಾರೆ."

ಈಗ ನನ್ನ ಬಟ್ಟೆಗೆ ಬರುತ್ತೇನೆ.

ಅದು ನಾಲ್ಕು ವರ್ಷದ ಹಿಂದಿನ ಒಂದು ಬುಧವಾರ ನಮ್ಮ ತಂತಿಗೆ ಬಂತು. ಬೆಂಡೆಕಾಯಿ ಹಸಿರು, ಸಾಸಿವೆ ಚುಕ್ಕಿ, ಸೀರೆಯಷ್ಟು ಉದ್ದ. ಸೆರಗಿನಲ್ಲಿ 'ಸೊಸೆಯ ಒಗ್ಗರಣೆ' ಎಂಬ ಹೆಸರು. ಬರೆದವಳ ಹೆಸರಿಲ್ಲ. ಅಡುಗೆಯ ಸೈಟು ಎನ್ನಬೇಕು, ಆದರೆ ಅದರ ಅಡುಗೆಯಲ್ಲೆಲ್ಲ ಅತ್ತೆ ಬೆಂದಿದ್ದಳು. "ನುಗ್ಗೆಕಾಯಿ ಹುಳಿ: ಹದಿನಾರು ತುಂಡು ಹಾಕಿ. ಹದಿನೇಳಾದರೆ ನಮ್ಮತ್ತೆ ಒಂದನ್ನು ವಾಪಸ್ಸು ತೆಗೆಯುತ್ತಾರೆ." "ಬದನೆಕಾಯಿ ಎಣ್ಣೆಗಾಯಿ: ಅತ್ತೆ ದೇವಸ್ಥಾನಕ್ಕೆ ಹೋದಾಗ ಮಾತ್ರ ಮಾಡುವಂಥದು, ಏಕೆಂದರೆ ಎಣ್ಣೆ." "ಮಾವಿನಕಾಯಿ ಚಿತ್ರಾನ್ನ: ಅತ್ತೆ ತಿನ್ನುವುದಿಲ್ಲ ಅನ್ನುತ್ತಾರೆ. ಆಮೇಲೆ ಬಾಣಲೆ ಖಾಲಿ ಇರುತ್ತದೆ. ಮನೆಯಲ್ಲಿ ಇಲಿ ಇಲ್ಲ."

ನಾನು ಅದನ್ನು ಮೊದಲು ಅಜ್ಜಿಗೆ ಓದಿ ಹೇಳಿದೆ. ಮಾರನೆಯ ದಿನ ಅಜ್ಜಿಯ ಇಬ್ಬರು ಗೆಳತಿಯರಿಗೆ. ಹದಿನೈದು ದಿನದಲ್ಲಿ ಊರೆಲ್ಲ ಜಗಲಿಗೆ ಬಂತು. ಕ್ರಮೇಣ ಆ ಅತ್ತೆ ಊರಿಗೇ ಅತ್ತೆಯಾದಳು. ತುಪ್ಪದ ಚಮಚದಲ್ಲಿ ಎರಡು ಅಳತೆ ಹುಟ್ಟಿದವು: ಅತ್ತೆ ನೋಡುವಾಗಿನ ಚಮಚ, ಅತ್ತೆ ನೋಡದಾಗಿನ ಚಮಚ. ಅಂಗಡಿಯಲ್ಲಿ ಚೌಕಾಸಿ ಮಾಡಿದವರಿಗೆ "ಅತ್ತೆ ಹಾಗೆ ಆಡಬೇಡಿ" ಎಂದರೆ ಸಾಕಿತ್ತು. ಅತ್ತಿಗೆ ನಾದಿನಿಯರ ಜಗಳಗಳು ಎಷ್ಟೋ ಆ ಬಟ್ಟೆಯ ಮುಂದೆ ಬಂದು ನಕ್ಕು ಮುಗಿದವು.

ಒಂದೇ ಒಂದು ಕೊರತೆ. ಕೊನೆಯ ಬರಹದ ಜಾಗದಲ್ಲಿ ಬಟ್ಟೆ ಅಂಗೈಯಗಲ ಹರಿದಿತ್ತು. "ಇವತ್ತು ಬೆಳಿಗ್ಗೆ ನಮ್ಮತ್ತೆ" ಎಂದು ಇತ್ತು, ಮುಂದೆ ತೂತು.

ಕಥೆ ಕೇಳಿಯೇ ದೊಡ್ಡವಳಾದವಳು ನಾನು. ಅಜ್ಜಿ ಕಥೆ ಹೇಳುವಾಗ ರಾಜಕುಮಾರನ ಕುದುರೆ ಯಾವ ಬಣ್ಣ ಎಂದು ಮರೆತರೆ ನಿಲ್ಲುತ್ತಿರಲಿಲ್ಲ, ಆ ಕ್ಷಣಕ್ಕೆ ಒಂದು ಬಣ್ಣ ಬಳಿದು ಓಡಿಸುತ್ತಿದ್ದಳು. ಆ ತೂತು ನನಗೆ ಊಟದ ಮಧ್ಯೆ ಎದ್ದುಹೋದವರ ಎಲೆಯ ಹಾಗೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ಹಸಿರು ದಾರ, ಸಾಸಿವೆ ಬಣ್ಣದ ದಾರ ತಂದು ಕೂತು ತೇಪೆ ಹಾಕಿದೆ. ಅದರ ಮೇಲೆ ಕಸೂತಿಯಲ್ಲಿ ಬರೆದೆ: ಇವತ್ತು ಬೆಳಿಗ್ಗೆ ನಮ್ಮತ್ತೆ ಹಾಸಿಗೆಯಿಂದ ಏಳಲಿಲ್ಲ. ನನ್ನನ್ನು ಕರೆದು ಕೈಹಿಡಿದು, ನಿನ್ನನ್ನು ಬಹಳ ನೋಯಿಸಿದೆ, ಕ್ಷಮಿಸು ಎಂದರು. ಹೆಸರುಬೇಳೆ ಪಾಯಸ ಬೇಕೆಂದರು. ಮೂರು ಚಮಚ ಕುಡಿದು ಕಣ್ಣು ಮುಚ್ಚಿದರು. ಪಾಯಸ ಮಾಡುವ ವಿಧಾನ ಹೀಗಿದೆ.

ತೇಪೆ ನನ್ನದೆಂದು ಯಾರಿಗೂ ಹೇಳಲಿಲ್ಲ. ಆ ಭಾಗ ಓದಿದ ದಿನ ದಾಕ್ಷಾಯಣಿ ಟೀಚರು ಬಿಕ್ಕಿಬಿಕ್ಕಿ ಅತ್ತರು, ಚೆನ್ನವೀರಪ್ಪನವರು ಗಿರಣಿ ಮುಚ್ಚಿದರು. ಆಮೇಲೆ ಹೇಳುವುದು ಹೇಗೆ? ಅಜ್ಜಿ ಮಾತ್ರ ತೇಪೆಯನ್ನು ಬೆರಳಲ್ಲಿ ಸವರಿ, "ಈ ಹೊಲಿಗೆ ಎಲ್ಲೋ ನೋಡಿದ ಹಾಗಿದೆಯಲ್ಲೇ ಕುಮ್ಮೀ" ಎಂದು ನನ್ನ ಮುಖ ನೋಡಿದಳು. ನಾನು ಬೇವಿನೆಲೆ ಆರಿಸುತ್ತಿದ್ದೆ. ಅಲ್ಲಿಂದ ಮುಂದೆ ಪ್ರತಿ ಮಾಘ ಬಹುಳ ಪಂಚಮಿ ನಮ್ಮೂರಿನಲ್ಲಿ ಅತ್ತೆಯ ತಿಥಿ. ನಮ್ಮ ಜಗಲಿಯಲ್ಲಿ ಎಲೆ ಹಾಕಿ ಬಂದವರಿಗೆಲ್ಲ ಪಾಯಸ.

ಮೂರನೆಯ ವರ್ಷದ ತಿಥಿಯ ದಿನ ಹನ್ನೊಂದೂವರೆ ಬಸ್ಸಿಗೆ ಇಬ್ಬರು ಹೆಂಗಸರು ಇಳಿದು ಮನೆ ಕೇಳಿಕೊಂಡು ಬಂದರು. ಒಬ್ಬರಿಗೆ ನಲವತ್ತರ ಹತ್ತಿರ ಇರಬಹುದು, ತೋಳಿಗೆ ಚೀಲ, ಮುಖದಲ್ಲಿ ಗಾಬರಿ. ಇನ್ನೊಬ್ಬರು ಎಪ್ಪತ್ತು ದಾಟಿದವರು, ಕಪ್ಪು ಕೊಡೆ, ಯಾರ ಮನೆ ಬಾಗಿಲಿಗೆ ಎಷ್ಟು ಗೀಟು ರಂಗೋಲಿ ಬಿದ್ದಿದೆ ಎಂದು ನೋಡುತ್ತಾ ಬರುವ ನಡಿಗೆ. ಅಜ್ಜಿ ಯಾರು ಏನು ಎಂದು ಕೇಳದೆ, "ಬನ್ನೀಮ್ಮಾ, ಸರಿಯಾದ ಹೊತ್ತಿಗೆ ಬಂದಿದ್ದೀರಿ" ಎಂದು ಹಿರಿಯರನ್ನು ಜಗಲಿಯಲ್ಲಿ ಎಲೆಯ ಮುಂದೆ ಕೂರಿಸಿಬಿಟ್ಟಳು. ಕಿರಿಯವರು ನನ್ನ ಮೊಣಕೈ ಹಿಡಿದು, "ನಿಮ್ಮ ಹತ್ರ ಒಂದು ಹಸಿರು ಬಟ್ಟೆ ಇದೆಯಂತೆ. ಒಳಗೆ ಹೋಗೋಣ" ಎಂದು ಮೆಲ್ಲಗೆ ಹೇಳಿದರು.

ಒಳಕೋಣೆಯಲ್ಲಿ ಪೆಟ್ಟಿಗೆ ತೆಗೆದೆ. ಸೆರಗು ಕಂಡದ್ದೇ ಅವರು ಕಿಟಕಿ ಪಕ್ಕದ ಮಣೆಯ ಮೇಲೆ ಕುಸಿದು ಕೂತರು.

"ಇದು ನನ್ನದು," ಎಂದರು. "ನನ್ನ ಹೆಸರು ಪ್ರಫುಲ್ಲಾ. ನಮ್ಮೂರಿನ ಹೋಟೆಲಿನಲ್ಲಿ ಒಬ್ಬ ಔಷಧಿ ಮಾರೋನು ಪಕ್ಕದ ಮೇಜಿನಲ್ಲಿ ಹೇಳ್ತಿದ್ದ, ಒಂದೂರಲ್ಲಿ ಅಡುಗೆ ಬರೆದೋಳ ಅತ್ತೆ ಸತ್ತಳು ಅಂತ ಊರವರೆಲ್ಲ ತಿಥಿ ಮಾಡ್ತಾರೆ ಅಂತ. ಕೈಲಿದ್ದ ದೋಸೆ ಕೈಲೇ ಉಳೀತು. ಇದನ್ನ ಇಟ್ಟುಕೊಳ್ಳಿ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ ಅಕ್ಕಾ. ಬಂತು, ಇಟ್ಟುಕೊಂಡ್ವಿ."

"ನಾನು ಅಳಿಸಿದ್ದು ಅಳಿಸಿಹೋಗಲಿ ಅಂತ."

"ಬರೆದಾಗ ಲೋಕಕ್ಕೆಲ್ಲ ಕಾಣೋ ಹಾಗೇ ಬರೆದಿದ್ರಲ್ಲ?"

"ಹೌದು, ಬಾಗಿಲು ತೆಗೆದಿಟ್ಟಿದ್ದೆ. ಬಂದೋರು ಬಂದ್ರು, ಓದಿದ್ರು. ಆಮೇಲೆ ಬಾಗಿಲು ಹಾಕಿದೆ. ಬಾಗಿಲು ತೆಗೆದಿತ್ತು ಅಂತ ಮಂಚ ಎತ್ಕೊಂಡು ಹೋಗಬಹುದಾ?"

"ಮಂಚ ನೀವು ಬೀದಿಗೆ ಎಸೆದಿದ್ರಿ," ಎಂದೆ. "ನೆನೆದುಹೋಗುತ್ತೆ ಅಂತ ನಾವು ಒಳಗಿಟ್ವಿ."

ಅವರು ಕಿಟಕಿಯ ಕಡೆ ತಲೆಯಾಡಿಸಿ, "ಹೊರಗೆ ಕೂತಿರೋರು ಯಾರು ಗೊತ್ತಾ? ನಮ್ಮತ್ತೆ. ಭಾಗೀರಥಮ್ಮ. ಹಳೇ ಸೀರೆ ನೋಡಕ್ಕೆ ಹೋಗ್ತೀನಿ ಅಂದೆ, ನಾನೂ ಬರ್ತೀನಿ ಅಂತ ಕೊಡೆ ಹಿಡಿದು ಹೊರಟ್ರು. ಏಳು ವರ್ಷ ಅವರಿಗೆ ಕಣ್ಣು ಮಂಜಾಗಿತ್ತು, ಅದಕ್ಕೇ ನಾನು ಧೈರ್ಯವಾಗಿ ಬರೀತಿದ್ದೆ. ಆಪರೇಷನ್ ಆಯ್ತು. ಮನೆಗೆ ಬರೋ ಹಿಂದಿನ ದಿನ ಸೈಟು ಮುಚ್ಚಿದೆ. ಈಗ ಅವರು ಬಸ್ ಟಿಕೆಟ್ ಹಿಂದಿನ ಸಣ್ಣಕ್ಷರಾನೂ ಓದ್ತಾರೆ. ಇದನ್ನ ಓದಿದ್ರೆ…" ಎನ್ನುತ್ತಾ ಮಾತು ನಿಲ್ಲಿಸಿದರು. ಅವರ ಬೆರಳು ತೇಪೆಯ ಮೇಲೆ ಬಂದಿತ್ತು. ತುಟಿ ಅಲ್ಲಾಡಿಸುತ್ತಾ ಓದಿದರು. ಎರಡು ಸಲ ಓದಿದರು.

"ಇದು ನಾನು ಬರೆದದ್ದಲ್ಲ," ಎಂದರು.

ನಾನು ಬಾಯಿ ತೆಗೆಯುವಷ್ಟರಲ್ಲಿ ಕಿಟಕಿಯಾಚೆ ಜಗಲಿಯಿಂದ ಭಾಗೀರಥಮ್ಮನವರ ಧ್ವನಿ ಬಂತು.

"ಪಾಯಸ ಚೆನ್ನಾಗಿದೆ. ಯಾರ ತಿಥಿ?"

"ಒಬ್ಬ ಅತ್ತೆಯದು," ಎಂದಳು ಅಜ್ಜಿ.

"ನಿಮ್ಮತ್ತೆಯದಾ?"

"ಊರಿಗೆಲ್ಲ ಅತ್ತೆ. ನಾವ್ಯಾರೂ ಮುಖ ನೋಡಿಲ್ಲ. ಮಹಾ ಜಿಗುಟು ಹೆಂಗಸು. ನುಗ್ಗೆಕಾಯಿ ತುಂಡು ಎಣಿಸಿ ಹಾಕೋಳು."

"ಎಣಿಸದೆ ಹಾಕಿದ್ರೆ ಒಬ್ಬರಿಗೆ ಆರು, ಒಬ್ಬರಿಗೆ ಒಂದು ಬರುತ್ತಲ್ವೇ? ಸರಿಯಾಗೇ ಮಾಡಿದ್ದಾಳೆ."

"ಹಾಲಿನ ಪಾತ್ರೆಗೆ ಮೊಳೆಯಲ್ಲಿ ಗೆರೆ ಗೀರಿಟ್ಟಿದ್ದಳಂತೆ."

ಪಾಯಸ ಸುರ್ರೆನ್ನುವ ಸದ್ದು ನಿಂತಿತು. "ಒಳಗಡೆಗಾ, ಹೊರಗಡೆಗಾ?"

"ಒಳಗಡೆಗೆ."

"ಮತ್ತೆ? ಹೊರಗೆ ಗೀರಿದ್ರೆ ಹಾಲು ಎಲ್ಲಿಗಿದೆ ಅಂತ ಹೇಗೆ ಕಾಣುತ್ತೆ?" ಧ್ವನಿ ತಗ್ಗಿತು. "ಆ ಸೊಸೆ ಹೆಸರೇನು?"

"ಹೆಸರು ಹಾಕಿಲ್ಲ ಆ ಹುಡುಗಿ. ಒಗ್ಗರಣೆಗೆ ಇಂಗು ಜಾಸ್ತಿ ಹಾಕ್ತಾಳೆ, ಅಷ್ಟು ಗೊತ್ತು."

ಎಲೆ ಮಡಿಸಿದ ಸದ್ದು ಕೇಳಿತು. "ಪ್ರಫುಲ್ಲಾ," ಎಂದು ಕರೆದರು ಭಾಗೀರಥಮ್ಮ, ಜೋರಾಗಿಯೂ ಅಲ್ಲ. "ನೀನು ನೋಡಕ್ಕೆ ಬಂದ ಹಳೇ ಸೀರೆ ಹೊರಗೆ ತಗೊಂಬಾ."

ಹನ್ನೆರಡೂವರೆಗೆ ಓದಲು ಕೂತವರು ನಾಲ್ಕು ಗಂಟೆಯವರೆಗೆ ತಲೆಯೆತ್ತಲಿಲ್ಲ. ಸೆರಗಿನಿಂದ ಶುರುಮಾಡಿ ಗೇಣು ಗೇಣಾಗಿ ತೊಡೆಯ ಮೇಲೆ ಎಳೆದುಕೊಳ್ಳುತ್ತಾ ಹೋದರು. ಸುದ್ದಿ ಹಬ್ಬಿ ಅಂಗಳ ತುಂಬಿತು. ತಿಥಿಗೆ ಬಂದವರ ಎದುರಿಗೆ ತಿಥಿಯವಳೇ ಕೂತಿದ್ದಳು. ಎಲ್ಲಿ ನೋಡಬೇಕೆಂದು ಯಾರಿಗೂ ತಿಳಿಯಲಿಲ್ಲ. ದಾಕ್ಷಾಯಣಿ ಟೀಚರು ಇದ್ದಕ್ಕಿದ್ದಂತೆ ಮುಂದೆ ಹೋಗಿ ಕಾಲಿಗೆ ನಮಸ್ಕಾರ ಮಾಡಿದರು. "ಬೆಳಕಿಗೆ ಅಡ್ಡ ಬರ್ತೀಯಮ್ಮಾ" ಎಂದರು ಭಾಗೀರಥಮ್ಮ. ಮಧ್ಯೆ ಮಧ್ಯೆ ತಮಗೆ ತಾವೇ, "ಇದು ಸುಳ್ಳು," "ಇದು ನಿಜ," "ಇದು ನಿಜವೇ, ಆದರೆ ಇಷ್ಟುದ್ದ ಹೇಳಬೇಕಾಗಿರಲಿಲ್ಲ." ಚಿತ್ರಾನ್ನದ ಹತ್ತಿರ ಬಂದಾಗ ಮಾತ್ರ ಏನೂ ಹೇಳದೆ ಬೇಗ ಮುಂದೆ ಹೋದರು. ಪ್ರಫುಲ್ಲಾ ಕಂಬಕ್ಕೊರಗಿ ನಿಂತು ಚೀಲದ ಹಿಡಿಯನ್ನು ತಿರುಚುತ್ತಿದ್ದರು.

ಕೊನೆಗೆ ತೇಪೆ ಬಂತು.

"ನಾನು ಸತ್ತೆನಾ?" ಎಂದರು ಭಾಗೀರಥಮ್ಮ. ಮುಂದೆ ಓದಿದರು. ಹುಬ್ಬು ಮೇಲೇರಿತು. "ಕ್ಷಮಿಸು ಅಂದೆನಾ? ನಾನಾ? ಯಾವಾಗ?"

"ಅತ್ತೆ, ಅದು ನನ್ನದಲ್ಲ," ಎಂದರು ಪ್ರಫುಲ್ಲಾ.

"ಅದು ನನಗೆ ಗೊತ್ತಾಯ್ತು. ಸಾಯ್ಸೋದಾದ್ರೆ ನೀನು ಮೊದಲನೇ ವರ್ಷವೇ ಸಾಯ್ಸಿರ್ತಿದ್ದೆ." ಅವರು ಅಂಗಳದತ್ತ ತಿರುಗಿದರು. "ಯಾರದಿದು?"

ಮೂರು ವರ್ಷ ಗಂಟಲಲ್ಲಿದ್ದದ್ದು ಹೊರಗೆ ಬರಲು ಎರಡು ಮಾತು ಸಾಕಾಯಿತು. "ನಂದು. ತೂತಿತ್ತು, ಹೊಲಿದೆ."

ಅಂಗಳದಲ್ಲಿ ಗುಜುಗುಜು ಎದ್ದಿತು. ಚೆನ್ನವೀರಪ್ಪನವರು, "ಎರಡು ದಿನ ಗಿರಣಿ ಮುಚ್ಚಿದ್ದೆ ಕಣಮ್ಮಾ ನಾನು" ಎಂದರು, ಬಹಳ ನೊಂದು. ಅಜ್ಜಿ ಮಾತ್ರ ಅಡಿಕೆ ಕತ್ತರಿಸುವುದರಲ್ಲಿ ಮುಳುಗಿದ್ದಳು.

"ತೂತಿದ್ರೆ ಹೊಲೀಬೇಕು, ಒಪ್ಪಿದೆ," ಎಂದರು ಭಾಗೀರಥಮ್ಮ. "ಹೆಣ ಯಾಕೆ ಇಟ್ಟು ಹೊಲಿದೆ?"

ಆಗ ಪ್ರಫುಲ್ಲಾ ಕಂಬ ಬಿಟ್ಟು ಬಂದು ನನ್ನ ಮುಂದೆ ನಿಂತರು. "ಬಟ್ಟೆ ಸೇತುವೆ ದಾಟಿಸಿದ್ರೆ ಅಕ್ಷರ ಹೋಗುತ್ತಂತೆ. ನಿನ್ನ ಕೈಯಿಂದಲೇ ದಾಟಬೇಕಂತೆ. ಬೆಳಿಗ್ಗೆ ಬಸ್ಸಿಗೆ ಹೋಗ್ತೀವಿ. ದಾಟಿಸಿಕೊಡಮ್ಮಾ. ನಾನು ಇನ್ನೇನೂ ಕೇಳಲ್ಲ."

"ಯಾಕೆ ದಾಟಿಸಬೇಕು?" ಎಂದವರು ನಾನಲ್ಲ, ಭಾಗೀರಥಮ್ಮ. "ಇಲ್ಲೇ ಇರಲಿ. ಇಷ್ಟು ಜನಕ್ಕೆ ನಾನು ಗೊತ್ತು. ನನ್ನ ಹೆಸರಲ್ಲಿ ಚಮಚ ಇದೆಯಂತೆ. ಸುಳ್ಳು ಇರೋ ಕಡೆ ಪಕ್ಕದಲ್ಲಿ ಸುಳ್ಳು ಅಂತ ಹೊಲಿಸಿದ್ರೆ ಆಯ್ತು."

ನನ್ನ ಎದೆ ಹಗುರಾಯಿತು. ಬಟ್ಟೆಯಲ್ಲಿರುವವರೇ ಇರಲಿ ಎನ್ನುತ್ತಿದ್ದಾರೆ, ಇನ್ನೇನು ಬೇಕು? ಚೆನ್ನವೀರಪ್ಪನವರೂ "ಕೊಡಬೇಡ ಕುಮುದಾ" ಎಂದರು. ಟೀಚರು ತಲೆಯಾಡಿಸಿದರು. ಆ ಬಟ್ಟೆ ಹೋದರೆ ನನ್ನ ಸಂಜೆಗಳೆಲ್ಲ ಹೋಗುತ್ತವೆ ಎನ್ನುವುದು ಅವರಿಗೆ ಗೊತ್ತಿತ್ತು. ಅದನ್ನು ಓದಿಹೇಳುವ ಹುಡುಗಿ ಎಂದೇ ಊರು ನನ್ನನ್ನು ಗುರುತಿಸುತ್ತಿತ್ತು. ಇಲ್ಲದಿದ್ದರೆ ನಾನು ತಂತಿಯ ಕೆಳಗೆ ಬಾಯಿ ತೆರೆದುಕೊಂಡು ನಿಲ್ಲುವವಳು, ಅಷ್ಟೆ.

ಪ್ರಫುಲ್ಲಾ ಅತ್ತೆಯ ಕಡೆ ನೋಡಲಿಲ್ಲ. ನನಗೇ ಹೇಳಿದರು. "ನನಗೆ ಇಪ್ಪತ್ತೆಂಟು ಆಗ. ಸಿಟ್ಟು ಬಂದ ದಿನ ಬರೆದೆ. ಬರದ ದಿನ ಬರೀಲಿಲ್ಲ. ಟೈಫಾಯ್ಡ್ ಆಗಿ ಹದಿನೇಳು ದಿನ ಮಲಗಿದ್ದೆ, ಕಣ್ಣು ಕಾಣದೆ ಇದ್ರೂ ಗಂಜಿ ಅಳತೆ ತಪ್ಪದ ಹಾಗೆ ಬೆರಳಿಟ್ಟು ನೋಡಿ ಕುಡಿಸಿದ್ರು. ಅದು ಇದರಲ್ಲಿ ಒಂದು ಸಾಲೂ ಇಲ್ಲ. ಇದರಲ್ಲಿ ಇರೋದೆಲ್ಲ ನಿಜ, ಕುಮುದಾ. ಆದ್ರೆ ಇದು ನಮ್ಮ ಮನೆ ಅಲ್ಲ."

"ಆ ಹದಿನೇಳು ದಿನವನ್ನೂ ಸೇರಿಸಿ ಹೊಲೀಬಹುದು ಅಕ್ಕಾ," ಎಂದೆ. "ಜಾಗ ಇದೆ."

"ನೀನು ಹೊಲಿಯೋದು ನಿಲ್ಲಿಸಮ್ಮ."

ಯಾರೋ ನಕ್ಕರು. ಪ್ರಫುಲ್ಲಾ ಕೂಡ ನಗುವುದರಲ್ಲಿದ್ದರು, ಆದರೆ ಕಣ್ಣು ತುಂಬಿತು. "ಒಳಗೆ ಆ ತೇಪೆ ಎರಡು ಸಲ ಓದಿದ್ದು ಯಾಕೆ ಗೊತ್ತಾ? ಒಂದು ಕ್ಷಣ ಅದು ನಿಜ ಆಗಿದ್ರೆ ಅನ್ನಿಸ್ತು. ಅವರು ಕ್ಷಮೆ ಕೇಳಿದ ಹಾಗೆ. ಅದಕ್ಕೋಸ್ಕರ ಅವರನ್ನ ಸಾಯಿಸಬೇಕಾಯ್ತಲ್ಲ ಅಂತ ಆಮೇಲೆ ಹೊಳೀತು. ಇಂಥದನ್ನೆಲ್ಲ ಇಟ್ಟುಕೊಳ್ಳೋ ಬಟ್ಟೆ ನನಗೆ ಬೇಡ."

ನಾನು ಮೆಲ್ಲಗೆ ಕೇಳಿದೆ, "ಆ ತೂತಲ್ಲಿ ಏನಿತ್ತು?"

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಆಪರೇಷನ್ ದಿನ ಬರೆದದ್ದು. ಇವತ್ತು ಬೆಳಿಗ್ಗೆ ನಮ್ಮತ್ತೆ ಮನೇಲಿಲ್ಲ. ಹಾಲು ಉಕ್ಕಿಹೋಯ್ತು, ಬೈಯೋರಿಲ್ಲ. ಅಷ್ಟೆ. ಮುಂದೆ ಬರೆಯಕ್ಕೆ ಆಗಲಿಲ್ಲ, ಅದನ್ನ ಮೊದಲು ಅಳಿಸಿದೆ."

ಭಾಗೀರಥಮ್ಮ ಕೊಡೆಯ ತುದಿಯಿಂದ ಜಗಲಿಯ ಸಂದಿನ ಮಣ್ಣನ್ನು ಕೆದಕುತ್ತಾ ಕೂತರು. "ಎಷ್ಟು ಹಾಲು?" ಎಂದರು ಕಡೆಗೆ.

"ಅರ್ಧ ಲೀಟರು."

"ಹೂಂ."

ಆಮೇಲೆ ಅವರು ತಲೆಯೆತ್ತಿ ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದರು. ಧ್ವನಿಯಲ್ಲಿ ಬೈಗುಳವಿರಲಿಲ್ಲ, ಅದೇ ಕಷ್ಟವಾಯಿತು. "ಬರೆಯುವಾಗ ಇವಳು ನನ್ನ ಕೇಳಲಿಲ್ಲ. ಅಳಿಸುವಾಗಲೂ ಕೇಳಲಿಲ್ಲ. ನೀನು ಎತ್ತಿಟ್ಟುಕೊಂಡೆ, ಇವಳನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಊರವರೆಲ್ಲ ನನ್ನ ತಿಥಿ ಊಟ ಮಾಡಿದ್ರಿ. ನುಗ್ಗೆಕಾಯಿ ತುಂಡು ಹೋಗ್ಲಿ, ಈ ಭಾಗೀರಥಿ ಅನ್ನೋಳನ್ನ ಯಾರಾದ್ರೂ ಲೆಕ್ಕಕ್ಕೆ ತಗೊಂಡ್ರಾ?"

ಪ್ರಫುಲ್ಲಾ ಜಗಲಿಯ ಕೆಳಗೆ, ಅವರ ಕಾಲ ಹತ್ತಿರ ಕೂತರು. "ಅತ್ತೆ," ಎಂದರು, "ಈಗ ಕೇಳ್ತೀನಿ. ತೆಗೆಸಿಬಿಡ್ಲಾ?"

ಭಾಗೀರಥಮ್ಮ ಬಟ್ಟೆಯನ್ನು ತೊಡೆಯ ಮೇಲೆ ನೀಟಾಗಿ ಸವರಿದರು. ಅದು ಅವರಿಗೆ ಇಷ್ಟವಾಗಿತ್ತು, ಸವರುವುದರಲ್ಲೇ ಗೊತ್ತಾಗುತ್ತಿತ್ತು. "ಬೇಡ ಅಂದ್ರೆ ಬಿಡ್ತೀಯಾ?"

"ಬಿಡ್ತೀನಿ."

"ಹಾಗಾದ್ರೆ ತೆಗೆಸು," ಎಂದು ಎದ್ದರು. "ಆದ್ರೆ ತುಂಡು ಎಣಿಸಿದ್ದು ತಪ್ಪಲ್ಲ. ಅದನ್ನ ಈ ಊರವರು ತಿಳ್ಕೊಂಡಿರಲಿ."

ಉಳಿದದ್ದು ನನ್ನ ಕೈಯಲ್ಲಿತ್ತು. ಬೆಳಿಗ್ಗೆ ಕೊಡುವುದಿಲ್ಲ ಎಂದರೆ ಯಾರೂ ಏನೂ ಮಾಡುವಂತಿರಲಿಲ್ಲ. ಅವರಿಬ್ಬರೂ ನಮ್ಮ ಮನೆಯಲ್ಲೇ ಉಳಿದರು. ನಾನು ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ಕೂತು ಅವಳೇನಾದರೂ ಹೇಳುತ್ತಾಳೇನೋ ಎಂದು ಕಾದೆ. ಎತ್ತಿಡುವುದರ ಪರವಾಗಿ ನಾನು ಕಲಿತದ್ದೆಲ್ಲ ಅವಳಿಂದಲೇ. ಅಜ್ಜಿ ಅನ್ನ ಬಸಿಯುತ್ತಾ, "ನನ್ನ ಕಥೆಯಲ್ಲಿರೋ ರಾಜಕುಮಾರಿಯರು ಯಾರೂ ಬಸ್ಸಿಳಿದು ಬರೋರಲ್ಲ ಕಣೇ," ಎಂದಳು. "ಬಂದಿದ್ರೆ ನಾನೂ ಹೆದರಿಕೊಂಡು ಹೇಳ್ತಿದ್ದೆ." ಆಮೇಲೆ ಮಾತು ಬದಲಿಸಿ ಉಪ್ಪಿನಕಾಯಿ ಜಾಡಿ ಕೇಳಿದಳು.

ಬೆಳಿಗ್ಗೆ ಬೆಳಕಿಗೆ ಕೂತು ತೇಪೆಯ ಹೊಲಿಗೆ ಬಿಚ್ಚಿದೆ. ಹಾಕಲು ಒಂದು ಮಧ್ಯಾಹ್ನ ಹಿಡಿದಿತ್ತು, ಬಿಚ್ಚಲು ಅರ್ಧ ಗಂಟೆ. ಭಾಗೀರಥಮ್ಮ ತಲೆ ಬಾಚಿಕೊಳ್ಳುತ್ತಾ ನೋಡುತ್ತಿದ್ದವರು ಕೈ ಚಾಚಿದರು. "ಅದನ್ನ ಇಲ್ಲಿ ಕೊಡು. ನನ್ನ ಸಾವು ನನ್ನ ಹತ್ರಾನೇ ಇರಲಿ, ನಿಮ್ಮ ಕೈಲೆಲ್ಲ ಬೇಡ." ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಸೇತುವೆಯವರೆಗೆ ಊರಿನ ಅರ್ಧ ಜನ ಬಂದರು, ಹೆಣ ಸಾಗಿಸಲು ಬಂದವರ ಹಾಗೆ. ಹೆಣವಾಗಬೇಕಾದವರು ಮುಂದೆ ಕೊಡೆ ಹಿಡಿದು ನಡೆಯುತ್ತಿದ್ದರು. ಸೇತುವೆಯ ಈ ಕಡೆ ನಿಂತು ಪ್ರಫುಲ್ಲಾ ಕೇಳಿದರು, "ಒಂದೇ ಒಂದು ಸಲ ಓದ್ಲಾ?" ಸೆರಗಿನಿಂದ ಅಲ್ಲ, ಮಧ್ಯದಲ್ಲಿ ಎಲ್ಲೋ ಬಿಚ್ಚಿ ಓದಿದರು. ಓದುತ್ತಾ ಓದುತ್ತಾ ನಗು ಬಂದು ಬಾಯಿಗೆ ಕೈ ಅಡ್ಡ ಹಿಡಿದರು. "ಎಷ್ಟು ಕೆಟ್ಟವಳಿದ್ದೆ ನಾನು," ಎಂದರು. "ಚೆನ್ನಾಗಿ ಬರೀತಿದ್ದೆ, ಅಲ್ವಾ?"

"ಬಹಳ ಚೆನ್ನಾಗಿ," ಎಂದೆ.

"ಬಸ್ಸು," ಎಂದರು ಭಾಗೀರಥಮ್ಮ.

ಬಟ್ಟೆಯನ್ನು ಎರಡೂ ತೋಳುಗಳ ಮೇಲೆ ಹಾಕಿಕೊಂಡು ನಡೆದೆ. ನನಗೆ ಭಾರವಾಗಲಿಲ್ಲ. ನಡುವೆ ಒಮ್ಮೆ ನಿಂತೆ, ನಿಲ್ಲಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಿಂದೆ ತಿರುಗಿದರೆ ಚೆನ್ನವೀರಪ್ಪನವರು ಟೋಪಿ ತೆಗೆದು ಹಿಡಿದಿದ್ದರು. ಕೊನೆಯ ಕಲ್ಲು ದಾಟುತ್ತಿದ್ದ ಹಾಗೆ ಹಸಿರು ಮೊದಲು ತಿಳಿಯಾಯಿತು, ಸಾಸಿವೆ ಚುಕ್ಕಿಗಳು ಒಂದೊಂದಾಗಿ ಸಿಡಿದು ಆರಿದವು. ನುಗ್ಗೆಕಾಯಿ ಹೋಯಿತು, ಚಿತ್ರಾನ್ನ ಹೋಯಿತು, ಅಂಚಿನಲ್ಲಿ ಯಾರ್ಯಾರೋ ಬರೆದಿದ್ದ "ನಮ್ಮನೇಲೂ ಹೀಗೇ" ಹೋಯಿತು. ಆ ಅಂಚಿನವರನ್ನು ಯಾರೂ ಕೇಳಲಿಲ್ಲ ಎಂದು ಆಗ ಹೊಳೆಯಿತು, ಆದರೆ ತಡವಾಗಿತ್ತು. ಪ್ರಫುಲ್ಲಾ ಕೈಗೆ ಕೊಟ್ಟಾಗ ಅದು ಬೆಳ್ಳನೆಯ ಬಟ್ಟೆ. ಭಾಗೀರಥಮ್ಮ ಬೆರಳುಗಳ ನಡುವೆ ಹೊಸಕಿ ನೋಡಿ, "ಒಳ್ಳೇ ದಪ್ಪ ಇದೆ, ಎರಡು ದಿಂಬಿನ ಚೀಲ ಆಗುತ್ತೆ" ಎಂದರು. ನನ್ನ ದಾರ ನಮ್ಮೂರಿನ ಅಂಗಡಿಯದು. ಅವರ ಸೊಂಟದಲ್ಲಿದ್ದ ತೇಪೆ ಬೆಳ್ಳಗಾಗಲಿಲ್ಲ, ತುದಿ ಹಸಿರಾಗಿಯೇ ಇಣುಕುತ್ತಿತ್ತು.

ಈಗ ನಮ್ಮೂರಿನಲ್ಲಿ ಬಟ್ಟೆ ಬಿದ್ದರೆ ನಾನು ಮೊದಲು ಒಡೆಯರಿಗೊಂದು ಕಾಗದ ಬರೆಯುತ್ತೇನೆ. ನಿಮ್ಮದೊಂದು ನಮ್ಮ ತಂತಿಗೆ ಬಂದಿದೆ, ಇಟ್ಟುಕೊಳ್ಳಲೇ, ದಾಟಿಸಲೇ? ಹೆಚ್ಚಿನವರು ಉತ್ತರ ಬರೆಯುವುದಿಲ್ಲ. ಕೆಲವರಿಗೆ ವಿಳಾಸವೇ ಇಲ್ಲ. ಅಂಥವನ್ನು ಬಿಚ್ಚದೆ ಮಡಿಸಿಡುತ್ತೇನೆ, ಬಿಚ್ಚಬೇಕೆಂದು ಕೈ ತುರಿಸುತ್ತಿರುತ್ತದೆ. ಇದು ಸರಿಯೋ, ನೆನೆಯುವ ಮಂಚವನ್ನು ಒಳಗಿಟ್ಟು ಅದರ ಮೇಲೆ ಯಾರನ್ನೂ ಮಲಗಿಸದ ಹುಚ್ಚೋ ನನಗೆ ತಿಳಿಯದು.

ಈ ಕಥೆ ಬರೆಯುವ ಮೊದಲು ಆ ಮನೆಗೂ ಕಾಗದ ಹಾಕಿದ್ದೆ. ಒಂದೇ ಲಕೋಟೆಯಲ್ಲಿ ಎರಡು ಚೀಟಿ ಬಂದವು. ಸೊಸೆಯದು: "ಬರಿ, ಆದರೆ ಹೆಸರು ಬದಲಿಸು." ಅತ್ತೆಯದು, ದಪ್ಪಕ್ಷರದಲ್ಲಿ: "ಹೆಸರು ಬದಲಿಸಿದೆಯೋ, ನೋಡಿಕೋ." ಇಬ್ಬರನ್ನೂ ಕೇಳಿದ ಮೇಲೆ ಇಬ್ಬರ ಮಾತನ್ನೂ ನಡೆಸಬೇಕಲ್ಲ. ಪ್ರಫುಲ್ಲಾ ಎಂಬ ಹೆಸರಿನವರು ಆ ಮನೆಯಲ್ಲಿ ಯಾರೂ ಇಲ್ಲ. ಭಾಗೀರಥಮ್ಮ ಇದ್ದಾರೆ.